ಹಸಿರು ಬೆಳಕು ಸರಿ, ಸೋರಿಕೆಯ ಲೆಕ್ಕ ಎಲ್ಲಿ?

ಕರುಳಿನ ಕ್ಯಾನ್ಸರ್ ಆಪರೇಷನ್‌ನಲ್ಲಿ ಗಡ್ಡೆಯಿರುವ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಜೋಡಿಸುತ್ತಾರೆ. ಆ ಜೋಡಣೆ ಮುಂದಿನ ದಿನಗಳಲ್ಲಿ ಸೋರಿದರೆ ಮಲ ಹೊಟ್ಟೆಯೊಳಗೆ ಹರಡಿ ಸೋಂಕಾಗುತ್ತದೆ. ಮತ್ತೊಂದು ಆಪರೇಷನ್, ಐಸಿಯು, ಹೊಟ್ಟೆಯ ಮೇಲೆ ಮಲದ ಚೀಲ, ತಡವಾಗುವ ಕೀಮೋಥೆರಪಿ. ಕೆಲವೊಮ್ಮೆ ಜೀವವೇ ಹೋಗುತ್ತದೆ.

ಸೋರಿಕೆಗೆ ಕಾರಣ ಹಲವು: ಅಪೌಷ್ಟಿಕತೆ, ಧೂಮಪಾನ, ಮಧುಮೇಹ, ಜೋಡಣೆಯ ಮೇಲಿನ ಎಳೆತ. ಮುಖ್ಯವಾದ ಇನ್ನೊಂದು, ಜೋಡಿಸಿದ ತುದಿಗೆ ಸಾಕಷ್ಟು ರಕ್ತ ಹರಿಯದಿರುವುದು. ಸರ್ಜನ್‌ಗಳು ಇದನ್ನು ಕರುಳಿನ ಬಣ್ಣ, ನಾಡಿಮಿಡಿತ, ಕತ್ತರಿಸಿದ ಅಂಚಿನಲ್ಲಿ ಒಸರುವ ರಕ್ತ ನೋಡಿ ಅಂದಾಜು ಮಾಡುತ್ತ ಬಂದಿದ್ದಾರೆ.

ಈ ಅಂದಾಜಿಗೆ ನೆರವಾಗಲು ಬಂದಿರುವುದೇ ಇಂಡೋಸಯನೀನ್ ಗ್ರೀನ್, ಅಂದರೆ ಐಸಿಜಿ. ಬಣ್ಣ ಹೊಸದಲ್ಲ, 1950ರ ದಶಕದಿಂದ ಹೃದಯ, ಯಕೃತ್ತಿನ ಪರೀಕ್ಷೆಗೆ ಬಳಕೆಯಲ್ಲಿದೆ. ರಕ್ತನಾಳಕ್ಕೆ ಚುಚ್ಚಿದ ಸ್ವಲ್ಪ ಹೊತ್ತಿನಲ್ಲೇ, ವಿಶೇಷ ಇನ್‌ಫ್ರಾರೆಡ್ ಕ್ಯಾಮೆರಾದಡಿ ರಕ್ತ ಹರಿಯುವ ಭಾಗ ಪರದೆಯ ಮೇಲೆ ಹೊಳೆಯುತ್ತದೆ. ಹೊಳೆಯದ ತುದಿಯನ್ನು ಸರ್ಜನ್ ಇನ್ನಷ್ಟು ಕತ್ತರಿಸಿ, ಹೊಳೆಯುವಲ್ಲಿ ಜೋಡಿಸಬಹುದು. ಬಣ್ಣವನ್ನು ಯಕೃತ್ತು ಪಿತ್ತರಸದೊಂದಿಗೆ ಹೊರಹಾಕುತ್ತದೆ. ಅಲರ್ಜಿ ಅಪರೂಪ, ಆದರೆ ಇದರಲ್ಲಿ ಅಯೋಡಿನ್ ಅಂಶವಿರುವುದರಿಂದ ಅದರ ಅಲರ್ಜಿ ಇರುವವರು ಮೊದಲೇ ಹೇಳಬೇಕು.

ಇಷ್ಟು ಕೇಳಿದರೆ ಎಲ್ಲ ಆಸ್ಪತ್ರೆಗೂ ಇದು ಬೇಕು ಅನಿಸುತ್ತದೆ. ಸಾಕ್ಷ್ಯ ಮಾತ್ರ ಅಷ್ಟು ಸರಳವಾಗಿಲ್ಲ. ಜಪಾನಿನಲ್ಲಿ ಗುದನಾಳದ ಕ್ಯಾನ್ಸರ್‌ನ 800ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಎಸೆನ್ಷಿಯಲ್ ಅಧ್ಯಯನದಲ್ಲಿ ಸೋರಿಕೆ ಶೇ 11.8ರಿಂದ 7.6ಕ್ಕೆ ಇಳಿದಿತ್ತು. ನೂರರಲ್ಲಿ ನಾಲ್ಕು ಮಂದಿ ಪಾರಾದರು ಎಂದರೆ ಸಣ್ಣ ಮಾತಲ್ಲ. ಆದರೆ 2021ರಲ್ಲಿ ಪ್ರಕಟವಾದ ಅಮೆರಿಕದ ಪಿಲ್ಲರ್-3 ಅಧ್ಯಯನದಲ್ಲಿ ಬಣ್ಣ ಬಳಸಿದವರಲ್ಲಿ ಶೇ 9.0, ಬಳಸದವರಲ್ಲಿ ಶೇ 9.6. ಹೆಚ್ಚುಕಡಿಮೆ ಒಂದೇ. ಸಾಕಷ್ಟು ರೋಗಿಗಳು ಸೇರದೆ ಆ ಅಧ್ಯಯನ ಅರ್ಧಕ್ಕೇ ನಿಂತಿತು ಎಂಬುದೂ ನಿಜ.

ನಾನು ವೈದ್ಯನಲ್ಲ, ಪುಣೆಯಲ್ಲಿ ಸಾಫ್ಟ್‌ವೇರ್ ಬರೆಯುವವನು. ಆದರೆ ಎಂಟೆಕ್‌ನಲ್ಲಿ ಇಮೇಜ್ ಪ್ರೊಸೆಸಿಂಗ್ ಓದಿದವನಿಗೆ ಇಲ್ಲೊಂದು ತೊಡಕು ಕಾಣುತ್ತದೆ. ಪರದೆಯ ಹೊಳಪು ಅಳತೆಯಲ್ಲ. ಕ್ಯಾಮೆರಾ ಎಷ್ಟು ದೂರವಿದೆ, ಬಣ್ಣ ಎಷ್ಟು ಕೊಟ್ಟರು, ಕೊಟ್ಟು ಎಷ್ಟು ಹೊತ್ತಾಯಿತು ಎಂಬುದರ ಮೇಲೆ ಅದು ಬದಲಾಗುತ್ತದೆ. ‘ಇಷ್ಟು ಹೊಳೆದರೆ ಸಾಕು’ ಎಂಬ ಎಲ್ಲರೂ ಒಪ್ಪಿದ ಗೆರೆ ಇನ್ನೂ ಇಲ್ಲ. ಕೊನೆಗೆ ತೀರ್ಮಾನಿಸುವುದು ಸರ್ಜನ್‌ನ ಕಣ್ಣೇ.

ಹಾಗೆಂದು ಇದನ್ನು ಬದಿಗಿಡಬೇಕಿಲ್ಲ. ಬಣ್ಣ ಅಗ್ಗ, ಕ್ಯಾಮೆರಾ ದುಬಾರಿ. ಹಾಗಾಗಿ ಅದು ಮೊದಲು ದೊಡ್ಡ ಖಾಸಗಿ ಆಸ್ಪತ್ರೆಗಳ ಜಾಹೀರಾತಿಗೆ, ಆಮೇಲೆ ಬಿಲ್ಲಿಗೆ ಸೇರುವ ಅಪಾಯವಿದೆ. ಸರ್ಕಾರ ತನ್ನ ಕ್ಯಾನ್ಸರ್ ಆಸ್ಪತ್ರೆಗಳಿಗೆ ಕ್ಯಾಮೆರಾ ಕೊಳ್ಳಲಿ, ಜೊತೆಗೊಂದು ಷರತ್ತಿರಲಿ. ಪ್ರತಿ ಆಪರೇಷನ್‌ನಲ್ಲೂ ಬಣ್ಣ ನೋಡಿ ಕತ್ತರಿಸುವ ಜಾಗ ಬದಲಾಯಿತೇ, 30 ದಿನಗಳೊಳಗೆ ಸೋರಿತೇ ಎಂದು ದಾಖಲಿಸಬೇಕು. ರೋಗಿಯ ಹೆಸರಿಲ್ಲದೆ ಆ ಅಂಕಿಯನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಇದಕ್ಕೆ ದೊಡ್ಡ ತಂತ್ರಜ್ಞಾನ ಬೇಡ, ಒಂದು ಎಕ್ಸೆಲ್ ಹಾಳೆ ಸಾಕು. ನಮ್ಮ ಕೆಲಸದಲ್ಲೂ ಹೊಸ ಸಾಧನ ತಂದ ಮೇಲೆ ತಪ್ಪುಗಳು ಕಡಿಮೆಯಾದವೇ ಎಂದು ಎಣಿಸದಿದ್ದರೆ ಅದು ಬರೀ ಖರ್ಚು.

ಊರಲ್ಲಿರುವ ಅಪ್ಪ–ಅಮ್ಮನ ಚಿಕಿತ್ಸೆಯನ್ನು ಮುಂಬೈ, ಪುಣೆ, ಹೈದರಾಬಾದ್‌ನಿಂದ ಫೋನಿನಲ್ಲೇ ನಿರ್ಧರಿಸುವವರು ನಾವು. ‘ಆ ಮೆಷಿನ್ ಇದೆಯಾ ಡಾಕ್ಟ್ರೇ?’ ಎಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳೋಣ. ಇಂಥ ಆಪರೇಷನ್ ಇಲ್ಲಿ ವರ್ಷಕ್ಕೆ ಎಷ್ಟು ಆಗುತ್ತವೆ? ಅವುಗಳಲ್ಲಿ ಎಷ್ಟು ಸೋರಿದವು? ಸೋರಿದರೆ ರಾತ್ರಿ ಹೊತ್ತಲ್ಲೂ ನೋಡುವವರು ಇದ್ದಾರೆಯೇ? ಈ ಪ್ರಶ್ನೆಗಳಿಗೆ ಬೇಸರಿಸದೆ ಅಂಕಿಸಹಿತ ಉತ್ತರ ಕೊಡುವ ಆಸ್ಪತ್ರೆಯಲ್ಲಿ ಕ್ಯಾಮೆರಾ ಇಲ್ಲದಿದ್ದರೂ, ಕ್ಯಾಮೆರಾ ಇದ್ದು ಲೆಕ್ಕ ಇಡದ ಆಸ್ಪತ್ರೆಗಿಂತ ಅದೇ ವಾಸಿ.