ಏರ್‌ಪೋರ್ಟ್ ಫೋಟೊ ಹಾಕಿದವರು ನಾವೇ

ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯ ಹುಡುಗ 2023ರ ಸೆಪ್ಟೆಂಬರ್‌ನಲ್ಲಿ ಎಂ.ಎಸ್ಸಿ. ಓದಲು ಇಂಗ್ಲೆಂಡಿಗೆ ಹೋದ. ಸುದ್ದಿ ಬರೆದವರು ನಾವು. 'ಲಂಡನ್‌ಗೆ ಹಾರಿದ ಹಳ್ಳಿ ಹೈದ' ಅಂತ ಹೆಡ್ಡಿಂಗ್. ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೊರಳಿಗೆ ಹಾರ, ಎಡಬಲಕ್ಕೆ ಪಂಚಾಯಿತಿ ಸದಸ್ಯರು, ಹಿಂದೆ ಫ್ಲೆಕ್ಸು. ಎರಡನೇ ದಿನಕ್ಕೆ ಕೆಂಪು ಡಬಲ್ ಡೆಕ್ಕರ್ ಬಸ್ಸಿನ ಪಕ್ಕ ನಿಂತ ಅವನ ಫೋಟೊ ವಾಟ್ಸಾಪಿನಲ್ಲಿ ಬಂತು. ಅದನ್ನೂ ಹಾಕಿದೆವು. 'ಇಲ್ಲಿ ಎಲ್ಲಾ ಚೆನ್ನಾಗಿದೆ, ರಸ್ತೆಗಳು ಕನ್ನಡಿಯಂತಿವೆ' ಅಂತ ಅವನ ಅನಿಸಿಕೆಯನ್ನೂ ಬರೆದೆವು.

ಅವನು ಓದಲು ಹೋದದ್ದು ಲಂಡನ್‌ಗೆ ಅಲ್ಲ. ಅಲ್ಲಿಂದ ಬಸ್ಸಿನಲ್ಲಿ ನಾಲ್ಕೈದು ಗಂಟೆ ದೂರದ ಊರಿಗೆ. ಇದು ನಮಗೆ ಗೊತ್ತಿತ್ತು. ಆದರೆ ಆ ಊರಿನ ಹೆಸರು ಹಾಕಿದರೆ ಯಾರು ಓದುತ್ತಾರೆ? ಲಂಡನ್ ಅಂದರೆ ಎಲ್ಲರಿಗೂ ಗೊತ್ತು. ಹಾಗಂತ ನಾವು ತೀರ್ಮಾನ ಮಾಡಿದೆವು.

ಐದು ತಿಂಗಳ ಮೇಲೆ ಒಂದು ರಾತ್ರಿ ಫೋನ್ ಬಂತು. ಅವನೇ. 'ಅಣ್ಣಾ, ಇದನ್ನ ಬರೀಬೇಡಿ, ಸುಮ್ನೆ ಕೇಳ್ಕೊಳಿ' ಅಂದ. ಬರೆಯಬೇಡಿ ಅಂದಿದ್ದನ್ನು ಅಷ್ಟು ದಿನವೂ ಬರೆಯಲಿಲ್ಲ. ಈಗ ಹೆಸರು, ಊರು ಬಿಟ್ಟು ಬರೆಯಿರಿ ಅಂತ ಅವನೇ ಹೇಳಿದ್ದಾನೆ.

ಆ ಕೆಂಪು ಬಸ್ಸನ್ನು ಅವನು ಹತ್ತಲೇ ಇಲ್ಲ. ದೂರದ ಊರಿನ ಬಸ್ಸಿಗೆ ಕಾಯುವಾಗ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿದ್ದ, ಅಷ್ಟೆ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕೇಳಿದ ಪ್ರಶ್ನೆಗಳಲ್ಲಿ ಅರ್ಧ ಅವನಿಗೆ ತಿಳಿಯಲಿಲ್ಲ. ಬಿ.ಎಸ್ಸಿ.ಯನ್ನು ಇಂಗ್ಲಿಷಿನಲ್ಲೇ ಓದಿದವನು, ಆದರೆ ಆ ಉಚ್ಚಾರಣೆ ಕಿವಿಗೆ ಹತ್ತಲಿಲ್ಲ. ಎಲ್ಲದಕ್ಕೂ 'ಯೆಸ್' ಅಂದ. ಬಸ್ಸಿನ ಟಿಕೆಟ್ಟಿಗೆ 25 ಪೌಂಡ್. ಆಗ ಪೌಂಡಿಗೆ ನೂರು ರೂಪಾಯಿ ಮೀರಿತ್ತು. ಎರಡೂವರೆ ಸಾವಿರ! ಆ ದುಡ್ಡಿನಲ್ಲಿ ಶ್ರೀನಿವಾಸಪುರದಿಂದ ಬೆಂಗಳೂರಿಗೆ ಹತ್ತು ಸಲ ಹೋಗಿ ಬರಬಹುದಿತ್ತು ಅಂತ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದನಂತೆ. ನೀರಿನ ಬಾಟಲಿ ಕೊಳ್ಳಲಿಲ್ಲ. ಕಿಟಕಿಯ ಆಚೆ ಏನಿತ್ತು ಅಂತ ಕೇಳಿದೆವು. 'ನೆನಪಿಲ್ಲ ಅಣ್ಣಾ, ಲೆಕ್ಕ ಹಾಕ್ತಿದ್ದೆ' ಅಂದ.

ಎರಡು ರೂಮಿನ ಮನೆ, ಆರು ಜನ. ಆ ಮನೆ ಸಿಕ್ಕಿದ್ದೂ ತೆಲುಗಿನ ದೆಸೆಯಿಂದ. ಮನೆಯಲ್ಲಿದ್ದವರು ಚಿತ್ತೂರು, ಮದನಪಲ್ಲಿ ಕಡೆಯ ಹುಡುಗರು. ನಮ್ಮ ಗಡಿ ತಾಲ್ಲೂಕಿನವರಿಗೆ ತೆಲುಗು ಹೇಗೂ ಬರುತ್ತದಲ್ಲ. (ಗಡಿಯವರ ಕನ್ನಡ ಸರಿಯಿಲ್ಲ ಅಂತ ಆಡಿಕೊಳ್ಳುವವರು ಇದನ್ನು ಗಮನಿಸಬೇಕು.) 'ಹೋದ ವಾರಕ್ಕೇ ಪಾರ್ಟ್ ಟೈಮ್ ಕೆಲಸ' ಅಂತ ಏಜೆಂಟ್ ಹೇಳಿದ್ದ. ಕೆಲಸ ಸಿಕ್ಕಿದ್ದು ಹನ್ನೊಂದನೇ ವಾರಕ್ಕೆ, ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು. ಡಿಸೆಂಬರ್‌ನಲ್ಲಿ ಅಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಆ ಕತ್ತಲನ್ನೇ ತಡೆಯಲು ಆಗಲಿಲ್ಲ ಅಂತ ಹೇಳುವಾಗ ಹುಡುಗ ಅತ್ತ.

ಮನೆಗೆ ಏನು ಹೇಳಿದ್ದೀಯಾ ಅಂತ ಕೇಳಿದೆವು. 'ಎಲ್ಲಾ ಚೆನ್ನಾಗೈತೆ ಅಂತ.'

ಇಷ್ಟು ಬರೆದು ನಿಲ್ಲಿಸಿದರೆ ಇದು ಒಬ್ಬ ಹುಡುಗನ ಕಷ್ಟದ ಕಥೆ ಆಗುತ್ತದೆ. ನಮಗೆ ಸಿಟ್ಟು ಬಂದಿರುವುದು ಬೇರೆ ಕಾರಣಕ್ಕೆ. ಮರುವರ್ಷ ಅದೇ ಹೋಬಳಿಯ ಇನ್ನೆರಡು ಮನೆಯವರು ಅದೇ ಏಜೆಂಟನ ಹತ್ತಿರ ಹೋದರು. ಅವನ ಆಫೀಸಿನ ಗೋಡೆಯಲ್ಲಿ ನಮ್ಮ ಸುದ್ದಿಯ ಕಟಿಂಗ್‌ಗೆ ಫ್ರೇಮ್ ಹಾಕಿ ತೂಗುಹಾಕಿದ್ದ. 'ನೋಡಿ, ನಿಮ್ಮೂರ ಕಡೆಯವನೇ, ಪೇಪರಿನಲ್ಲೇ ಬಂದೈತೆ' ಅಂತ ತೋರಿಸಿದನಂತೆ. ಒಂದು ಮನೆಯವರು ಎರಡು ಎಕರೆ ಮಾವಿನ ತೋಪು ಮಾರಿದರು. ನಾವು ಪೇಪರಿನಿಂದ ಆ ಸುದ್ದಿಗೆ ಪಡೆದದ್ದು ಒಂದು ಊಟದ ಖರ್ಚು. ಏಜೆಂಟ್ ಎಷ್ಟು ಪಡೆದ ಅನ್ನುವುದನ್ನು ನೀವೇ ಅಂದಾಜು ಮಾಡಿ.

ಏಜೆಂಟರ ಆದಾಯ ಎಲ್ಲಿಂದ ಅನ್ನುವುದು ಹಳ್ಳಿಯಲ್ಲಿ ಬಹಳ ಜನಕ್ಕೆ ತಿಳಿಯದು. 'ಸಲಹೆ ಫ್ರೀ' ಅಂತ ಬೋರ್ಡ್ ಹಾಕಿರುತ್ತಾರೆ. ಫ್ರೀ ಹೌದು. ಹುಡುಗ ಸೇರಿದ ಮೇಲೆ ಮೊದಲ ವರ್ಷದ ಶುಲ್ಕದಲ್ಲಿ ಒಂದು ಪಾಲು ಅಲ್ಲಿನ ಕಾಲೇಜಿನಿಂದ ಅವರಿಗೆ ಕಮಿಷನ್ ಬರುತ್ತದೆ. ಟೊಮೆಟೊ ಮಂಡಿ ನೋಡಿದ ನಮಗೆ ಇದು ಅರ್ಥವಾಗದ್ದೇನಲ್ಲ. ಮಂಡಿಯವನು ಕಮಿಷನ್ ಕೊಡುವ ಕಡೆಗೇ ಮಾಲು ತಳ್ಳುತ್ತಾನೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ. ಶುಲ್ಕವೇ ಇಲ್ಲದ ಮೇಲೆ ಕಮಿಷನ್ ಎಲ್ಲಿಂದ ಬರಬೇಕು? ಅದಕ್ಕೇ ಕೋಲಾರದ ಗೋಡೆಗಳ ಮೇಲೆ ಆ ಹೆಸರುಗಳು ಕಾಣುವುದು ಕಡಿಮೆ.

ಆದರೆ ಏಜೆಂಟನನ್ನು ಬೈದು ಕೈ ತೊಳೆದುಕೊಳ್ಳಲು ನಾವು ಈ ಲೇಖನ ಬರೆಯುತ್ತಿಲ್ಲ. ಅವನು ವ್ಯಾಪಾರಿ. ಅವನ ಅಂಗಡಿಗೆ ಸಾಮಾನು ಕೊಟ್ಟವರು ಯಾರು? ಹುಡುಗನ ಮೊದಲ ವಾರದ ಮಾತು. ಆ ಮಾತು ಆಡಿಸಿದವರು ಯಾರು? ಅವನ ಅಪ್ಪ ಅಮ್ಮ, ಚಿಕ್ಕಪ್ಪ, ಚೀಟಿ ಎತ್ತಿ ಕೊಟ್ಟ ಪಕ್ಕದ ಮನೆಯವರು, ಒಡವೆ ಬಿಚ್ಚಿ ಕೊಟ್ಟ ಅಕ್ಕ, ಸನ್ಮಾನ ಮಾಡಿದ ಮುಖಂಡರು ಮತ್ತು ಕ್ಯಾಮೆರಾ ಹಿಡಿದ ನಾವು.

ಯೋಚಿಸಿ ನೋಡಿ. ಇಡೀ ಊರು ಹಾರ ಹಾಕಿ ಕಳಿಸಿದೆ. ಮೂರನೇ ದಿನ ಅವನು ಫೋನ್ ಮಾಡಿ 'ಅಮ್ಮಾ, ಇಲ್ಲಿ ಮಲಗೋಕೆ ಜಾಗ ಇಲ್ಲ' ಅನ್ನಬಲ್ಲನೇ? ಅಂದರೆ ಅದು ಡೈರಿ ಹತ್ತಿರ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಗೊತ್ತಾಗುತ್ತದೆ. ಸಂಜೆಗೆ ಸಾಲ ಕೊಟ್ಟವರು ಬಾಗಿಲಲ್ಲಿ. ಅದಕ್ಕೇ ಅವನು ಬಸ್ಸಿನ ಪಕ್ಕ ನಿಲ್ಲುತ್ತಾನೆ, ನಗುತ್ತಾನೆ, ರೀಲ್ಸ್ ಹಾಕುತ್ತಾನೆ. ನಮ್ಮ ಪ್ರಶ್ನೆಗಳೂ ಹಾಗೇ ಇರುತ್ತವೆ. 'ಸಂಬಳ ಎಷ್ಟು?', 'ಹಿಮ ಬೀಳ್ತಾ?', 'ಅಲ್ಲೇ ಸೆಟಲ್ ಆಗ್ತೀಯಾ?' ಎಲ್ಲಿ ಮಲಗುತ್ತೀಯಾ, ಏನು ತಿಂದೆ, ಕೈಯಲ್ಲಿ ಎಷ್ಟು ದಿನಕ್ಕೆ ಆಗುವಷ್ಟು ದುಡ್ಡಿದೆ ಅಂತ ಕೇಳಿದವರು ಒಬ್ಬರೂ ಇಲ್ಲ. ನಾವೂ ಕೇಳಲಿಲ್ಲ. ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ಮೊದಲು ಕಲಿಸಿದ್ದೇ ಯಾರು, ಎಲ್ಲಿ, ಹೇಗೆ ಅಂತ ಕೇಳುವುದನ್ನು.

ಬೇರೆ ರೀತಿಯೂ ಆಗಬಹುದು ಅನ್ನುವುದಕ್ಕೆ ಮಾಲೂರು ತಾಲ್ಲೂಕಿನ ಒಬ್ಬ ಹುಡುಗಿ ಇದ್ದಾಳೆ. ಆಕೆ ಹೋದದ್ದು ಜರ್ಮನಿಗೆ. ಹೊರಡುವಾಗ ಫ್ಲೆಕ್ಸು ಇಲ್ಲ, ನಾವೂ ಇಲ್ಲ. ಅಲ್ಲಿ ಇಳಿದ ದಿನದಿಂದ ಮನೆಯ ಗ್ರೂಪಿಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ಆಕೆಯ ಅಪ್ಪ ಅವನ್ನು ನಮಗೆ ಕೇಳಿಸಿದರು. ಮೊದಲನೆಯದು ಹೀಗೆ: 'ಅಪ್ಪಾ, ಶನಿವಾರ ರಾತ್ರಿ ಬಂದೆ. ಭಾನುವಾರ ಇಲ್ಲಿ ಅಂಗಡಿ ಒಂದೂ ತೆಗೆಯಲ್ಲ. ಯಾರೂ ಹೇಳಿರಲಿಲ್ಲ. ಅವ್ವ ಕಟ್ಟಿಕೊಟ್ಟ ಅವಲಕ್ಕಿ, ಚಟ್ನಿಪುಡಿ ಇಲ್ಲದಿದ್ರೆ ಉಪವಾಸವೇ.' ಆಮೇಲಿನದರಲ್ಲಿ ಮನೆ ವಿಳಾಸ ನೋಂದಣಿಯ ಗೋಳು. ಅಲ್ಲಿ ವಾಸಕ್ಕೆ ಬಂದವರು ಊರಿನ ಕಚೇರಿಯಲ್ಲಿ ವಿಳಾಸ ಬರೆಸಲೇಬೇಕು. ಆ ಚೀಟಿ ಇಲ್ಲದೆ ಎಷ್ಟೋ ಕೆಲಸ ಮುಂದೆ ಹೋಗುವುದಿಲ್ಲ. ಅಪಾಯಿಂಟ್‌ಮೆಂಟ್‌ಗೆ ವಾರಗಟ್ಟಲೆ ಕಾಯಬೇಕು. 'ನಮ್ಮ ನಾಡಕಚೇರಿಯೇ ವಾಸಿ, ಬೈಯೋಕಾದ್ರೂ ಒಬ್ಬರು ಸಿಗ್ತಾರೆ' ಅಂದಿದ್ದಾಳೆ. ಇನ್ನೊಂದರಲ್ಲಿ ಪ್ಲಾಸ್ಟಿಕ್ ಬಾಟಲಿಯ ಮಾತು. ಖಾಲಿ ಬಾಟಲಿಯನ್ನು ಅಂಗಡಿಯ ಮಿಷನ್ನಿಗೆ ಹಾಕಿದರೆ 25 ಸೆಂಟ್ ವಾಪಸ್. ಪಾರ್ಕಿನಲ್ಲಿ ಬಿದ್ದ ಬಾಟಲಿ ಆಯ್ದು ಮೂರು ಯೂರೊ ಮಾಡಿದೆ ಅಂತ ನಗುತ್ತಾ ಹೇಳಿದ್ದಾಳೆ. ಅವಳ ಅಪ್ಪ ಅದನ್ನು ಕೇಳಿಸುವಾಗ ನಮ್ಮ ಮುಖ ನೋಡಿದರು, ನಾವು ನಗುತ್ತೇವೋ ಇಲ್ಲವೋ ಅಂತ.

ಆಮೇಲೆ ಲೆಕ್ಕ. ಜರ್ಮನಿಯ ವೀಸಾಕ್ಕೆ ಒಂದು ವರ್ಷದ ಖರ್ಚು ಮೊದಲೇ ಖಾತೆಯಲ್ಲಿ ಕಟ್ಟಿರಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೊ. ಅದೇ ಹಣ ತಿಂಗಳಿಗೆ 992 ಯೂರೊ ಲೆಕ್ಕದಲ್ಲಿ ಅವರಿಗೆ ವಾಪಸ್ ಬರುತ್ತದೆ. ಬಾಡಿಗೆ ಎಷ್ಟು, ಆರೋಗ್ಯ ವಿಮೆ ಎಷ್ಟು, ಅಕ್ಕಿ ಎಷ್ಟು, ಉಳಿದದ್ದೆಷ್ಟು ಅಂತ ಆಕೆ ಕನ್ನಡದಲ್ಲೇ ಬರೆದು ಕಳಿಸಿದಳು. ಅಪ್ಪ ಅದನ್ನು ಡೈರಿ ಹತ್ತಿರ ಓದಿ ಹೇಳಿದರು. ಅದನ್ನು ಕೇಳಿದ ಇಬ್ಬರು ಹುಡುಗರು ಆ ವರ್ಷ ಹೋಗಲಿಲ್ಲ. ಒಂದು ವರ್ಷ ಜರ್ಮನ್ ಭಾಷೆ ಕಲಿಯುತ್ತಿದ್ದಾರೆ. ಆ ಮನೆಗಳಲ್ಲಿ ಇನ್ನೂ ಜಮೀನಿದೆ.

ನಮ್ಮ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ಮಗ ಬಿ.ಜಿ.ಎಲ್. ಸ್ವಾಮಿ ಹಾರ್ವರ್ಡ್‌ಗೆ ಹೋಗಿ ಬಂದು 'ಅಮೆರಿಕದಲ್ಲಿ ನಾನು' ಬರೆದರು. ಅವರದ್ದು ಹೋಗಿ ಬಂದವರು ನಿಧಾನವಾಗಿ ಕೂತು ಹೇಳಿದ ಮಾತು. ನಮ್ಮ ಹುಡುಗರಿಂದ ನಾವು ಕೇಳುವುದು ವಿಮಾನ ಇಳಿದ ಅರ್ಧ ಗಂಟೆಯ ಮಾತನ್ನು.

ವೈದ್ಯಕೀಯ ಓದಲು ಹೋಗುವವರ ವಿಷಯ ಇನ್ನೂ ಭಯದ್ದು. ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ 2022ರ ಮಾರ್ಚ್ 1ರಂದು ಉಕ್ರೇನ್‌ನ ಖಾರ್ಕಿವ್‌ನಲ್ಲಿ ಆಹಾರ ತರಲು ಹೋದಾಗ ದಾಳಿಗೆ ಬಲಿಯಾದರು. ಪಿಯುಸಿಯಲ್ಲಿ ಶೇ 97 ಅಂಕ ಇದ್ದರೂ ಇಲ್ಲಿ ಸೀಟು ಸಿಗಲಿಲ್ಲ ಅಂತ ಅವರ ತಂದೆ ಹೇಳಿದ್ದನ್ನು ಎಲ್ಲ ಚಾನೆಲ್‌ಗಳೂ ತೋರಿಸಿದವು. ಅಷ್ಟು ದೊಡ್ಡ ಪಾಠ ಆದ ಮೇಲೂ ಏಜೆಂಟರು ಬದಲಾಯಿಸಿದ್ದು ದೇಶದ ಹೆಸರನ್ನು ಮಾತ್ರ. ಹಾಸ್ಟೆಲ್ ವಿಡಿಯೊ, ಬಿಳಿ ಕೋಟಿನ ಫೋಟೊ, 'ಇಂಡಿಯನ್ ಊಟ ಸಿಗುತ್ತದೆ' ಅನ್ನುವ ಮಾತು ಎಲ್ಲಾ ಮೊದಲಿನಂತೆಯೇ.

ವಿಡಿಯೊದಲ್ಲಿ ಇಲ್ಲದ್ದು ಇಷ್ಟು. ನೀಟ್‌ನಲ್ಲಿ ಅರ್ಹತೆ ಪಡೆಯದೆ ಹೊರಗೆ ಎಂ.ಬಿ.ಬಿ.ಎಸ್. ಓದಿದರೆ ಇಲ್ಲಿ ವೈದ್ಯರಾಗುವಂತಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಅಲ್ಲಿ ಕನಿಷ್ಠ 54 ತಿಂಗಳು ಇಂಗ್ಲಿಷ್ ಮಾಧ್ಯಮದಲ್ಲೇ ಓದಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಿರಬೇಕು, ಆ ದೇಶದಲ್ಲಿ ವೈದ್ಯ ವೃತ್ತಿ ಮಾಡಲು ಅರ್ಹತೆ ಸಿಗುವ ಪದವಿ ಆಗಿರಬೇಕು. ವಾಪಸ್ ಬಂದ ಮೇಲೆ ಪರೀಕ್ಷೆ, ಮತ್ತೆ ಇಲ್ಲಿ 12 ತಿಂಗಳ ಇಂಟರ್ನ್‌ಶಿಪ್. ಆ ಪರೀಕ್ಷೆಯಲ್ಲಿ 300 ಅಂಕಕ್ಕೆ 150 ಬರಬೇಕು. 2024ರ ಜೂನ್ ಪರೀಕ್ಷೆ ಬರೆದವರಲ್ಲಿ ಪಾಸಾದವರು ಸುಮಾರು ಐವರಿಗೆ ಒಬ್ಬರು. ಉಳಿದ ನಾಲ್ವರ ಊರುಗಳಲ್ಲೂ ಆರು ವರ್ಷದ ಹಿಂದೆ ಯಾರೋ ಒಬ್ಬ ನಮ್ಮಂಥವನು 'ಡಾಕ್ಟರ್ ಆಗಲು ಹೊರಟ ರೈತನ ಮಗ' ಅಂತ ಬರೆದಿರುತ್ತಾನೆ.

'ಸಿಟಿಯವರ ಮಕ್ಕಳು ಹೋಗಬಹುದು, ಹಳ್ಳಿಯವರು ಮಾತ್ರ ಹೆದರಿಕೊಂಡು ಕೂರಬೇಕಾ?' ಅಂತ ಮುಳಬಾಗಿಲಿನ ಒಬ್ಬ ಹಿರಿಯರು ನಮ್ಮನ್ನು ಗದರಿದರು. ಅವರ ಮಾತಿನಲ್ಲಿ ನ್ಯಾಯ ಇದೆ. ಹೋಗಬೇಡಿ ಅಂತ ನಾವು ಹೇಳುತ್ತಿಲ್ಲ. 1,500 ಅಡಿ ಕೊರೆದರೂ ನೀರು ಬಾರದ ಜಿಲ್ಲೆಯಲ್ಲಿ ಮಕ್ಕಳನ್ನು ಇಲ್ಲೇ ಇರಿ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಆದರೆ ಬೆಂಗಳೂರಿನ ಹುಡುಗನಿಗೆ ಅಲ್ಲಿ ಒಬ್ಬ ಸೋದರತ್ತೆ ಮಗ ಇರುತ್ತಾನೆ, ಆಗದಿದ್ದರೆ ವಾಪಸ್ ಟಿಕೆಟ್ ಕಳಿಸುವ ಅಪ್ಪ ಇರುತ್ತಾನೆ. ನಮ್ಮವನ ಕೈಯಲ್ಲಿರುವುದು ಹೋಗುವ ಟಿಕೆಟ್ ಒಂದೇ. ಅದಕ್ಕೇ ಅವನಿಗೆ ನಿಜವಾದ ಸುದ್ದಿ ಹೆಚ್ಚು ಬೇಕು.

ಸಾಲದ ವಿಷಯಕ್ಕೂ ಇದೇ ಮಾತು. ಬ್ಯಾಂಕಿನಲ್ಲಿ ಏಳೂವರೆ ಲಕ್ಷದ ಮೇಲಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡ ಕೇಳುತ್ತಾರೆ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ ಅಂತ ಏಜೆಂಟ್ ಹೇಳುತ್ತಾನೆ, ಅಷ್ಟೂ ಕಾಲ ಬಡ್ಡಿ ಬೆಳೆಯುತ್ತದೆ ಅಂತ ಹೇಳುವುದಿಲ್ಲ. ಪರಿಶಿಷ್ಟರಿಗೆ ಸರ್ಕಾರದಿಂದ ಮಂಜೂರಾದ ಜಮೀನನ್ನು 1978ರ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಹಾಗಾಗಿ ಬ್ಯಾಂಕು ಹಿಂಜರಿದರೆ ಅಂಥ ಮನೆಯವರು ಹೋಗುವುದು ಕೈಸಾಲಕ್ಕೆ. ಆದರೆ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ 'ಪ್ರಬುದ್ಧ' ಯೋಜನೆ ಇದೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಪರಿಶಿಷ್ಟ ಜಾತಿಯವರ ಜೊತೆಗೆ ಭೂಹೀನ ಕೃಷಿ ಕಾರ್ಮಿಕರ ಮಕ್ಕಳಿಗೂ ಅವಕಾಶ ಇದೆ. ಇದನ್ನು ನಾವು ಪೇಪರಿನಲ್ಲಿ ಎಷ್ಟು ಸಲ ಬರೆದಿದ್ದೇವೆ? ಸನ್ಮಾನದ ಸುದ್ದಿ ಬರೆದಷ್ಟು ಸಲ ಅಲ್ಲ.

ಆ ಶ್ರೀನಿವಾಸಪುರದ ಹುಡುಗನ ಅಪ್ಪ ಸಾಲದ ಕಂತನ್ನು ತೋತಾಪುರಿ ಬೆಳೆಯ ಮೇಲೆ ಲೆಕ್ಕ ಇಟ್ಟುಕೊಂಡಿದ್ದರು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲೆ ನಮ್ಮ ಕಡೆಯ ತೋತಾಪುರಿಗೆ ಬಾಗಿಲು ಹಾಕಿತು, ಬೆಲೆ ನೆಲ ಕಚ್ಚಿತು, ಶ್ರೀನಿವಾಸಪುರ ಬಂದ್ ಆಯಿತು. ಬಂದ್ ಸುದ್ದಿಗೆ ಹೋದಾಗ ಅವರು ರಸ್ತೆಯಲ್ಲೇ ಸಿಕ್ಕರು. 'ಮಗ ಹೇಗವ್ನೆ?' ಅಂದೆವು. 'ಚೆನ್ನಾಗವ್ನೆ' ಅಂದರು. ಆ ಕಡೆ ಮಗ ಅಪ್ಪನಿಗೆ ಹೇಳುವುದೂ ಅದೇ. ಇಬ್ಬರ ನಿಜವೂ ಗೊತ್ತಿದ್ದ ನಾವು ನಡುವೆ ಸುಮ್ಮನೆ ನಿಂತಿದ್ದೆವು.

ಆದ್ದರಿಂದ ನಾಲ್ಕು ತಾಲ್ಲೂಕಿನಲ್ಲಿ ಈ ಬ್ಲಾಗಿಗೆ ಬರೆಯುವ ನಾವು ಒಂದು ತೀರ್ಮಾನ ಮಾಡಿದ್ದೇವೆ. ವಿದೇಶಕ್ಕೆ ಹೊರಟವರ ಏರ್‌ಪೋರ್ಟ್ ಫೋಟೊ ಇನ್ನು ಹಾಕುವುದಿಲ್ಲ. ಆರನೇ ತಿಂಗಳಿಗೆ ನಾವೇ ಫೋನ್ ಮಾಡುತ್ತೇವೆ. ಎಲ್ಲಿ ಮಲಗುತ್ತೀಯಾ, ಏನು ಕೆಲಸ, ವಾರಕ್ಕೆ ಎಷ್ಟು ಗಂಟೆ, ಏಜೆಂಟ್ ಹೇಳಿದ್ದರಲ್ಲಿ ನಿಜ ಎಷ್ಟು ಅಂತ ಕೇಳುತ್ತೇವೆ. ಬೇಕೆಂದರೆ ಹೆಸರು ಬಿಡುತ್ತೇವೆ. ಚೆನ್ನಾಗಿದ್ದರೆ ಚೆನ್ನಾಗಿದೆ ಅಂತಲೇ ಬರೆಯುತ್ತೇವೆ.

ಇದರ ಮೊದಲ ಪರೀಕ್ಷೆ ಕಳೆದ ವಾರವೇ ಆಯಿತು. ಮುಳಬಾಗಿಲು ಕಡೆಯ ಒಬ್ಬರು, ನಮಗೆ ಹತ್ತಿರದವರೇ, ಮಗ ಹೊರಡುತ್ತಿದ್ದಾನೆ, ದೇವನಹಳ್ಳಿಗೆ ಕಾರು ಮಾಡಿದ್ದೇವೆ, ಕ್ಯಾಮೆರಾ ತಗೊಂಡು ಬನ್ನಿ ಅಂದರು. ಕಾರಿನಲ್ಲಿ ಬರುತ್ತೇವೆ, ಕ್ಯಾಮೆರಾ ತರುವುದಿಲ್ಲ ಅಂದೆವು. ಫೋನ್ ಇಟ್ಟುಬಿಟ್ಟರು. ಕಾರಿನಲ್ಲಿ ನಮಗೆ ಜಾಗ ಇರಲಿಲ್ಲ. ಹುಡುಗ ಮಾತ್ರ ಹೊರಡುವ ಮುಂಚೆ ನಮ್ಮ ನಂಬರ್ ಸೇವ್ ಮಾಡಿಕೊಂಡಿದ್ದಾನೆ.