ಡಬ್ಬಿಯ ಮೆಗ್ನೀಸಿಯಂ, ಸೂಜಿಯ ಮೆಗ್ನೀಸಿಯಂ

ತಂಗಿಯ ಮಗಳಿಗೆ ಈಗ ಏಳು ತಿಂಗಳು. ಸೀಮಂತಕ್ಕೆ ಹೋದಾಗ ಅವಳ ಮಂಚದ ಪಕ್ಕದಲ್ಲಿ ಸಾಲಾಗಿ ಡಬ್ಬಿಗಳಿದ್ದವು. ಕಬ್ಬಿಣ, ಕ್ಯಾಲ್ಸಿಯಂ ನನಗೂ ಗೊತ್ತು. ಕೊನೆಯದರ ಮೇಲೆ 'ಮೆಗ್ನೀಸಿಯಂ' ಎಂದಿತ್ತು. "ಇದನ್ನ ಡಾಕ್ಟ್ರು ಬರೆದುಕೊಟ್ರಾ?" ಅಂದೆ. "ಇಲ್ಲ ದೊಡ್ಡಮ್ಮ, ರಾತ್ರಿ ಮೀನಖಂಡ ಹಿಡ್ಕೊಂಡು ಜೀವ ಹೋಗತ್ತೆ. ಇನ್‌ಸ್ಟಾಗ್ರಾಂನಲ್ಲಿ ನೋಡಿ ತರಿಸ್ಕೊಂಡೆ" ಅಂದಳು. "ಸರಿ, ಹೋದ ಸಲ ಬಿ.ಪಿ. ಎಷ್ಟಿತ್ತು?" ಅವಳು ಗಂಡನ ಮುಖ ನೋಡಿದಳು, ಗಂಡ ಫೋನ್ ನೋಡಿದ. "ನಾರ್ಮಲ್ ಅಂದ್ರು ಅನ್ಸತ್ತೆ."

ಆ 'ಅನ್ಸತ್ತೆ' ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಮೊದಲು ಡಬ್ಬಿಯ ನ್ಯಾಯ ಮುಗಿಸಿಬಿಡೋಣ. ಸ್ನಾಯು, ನರಗಳ ಕೆಲಸಕ್ಕೆ ಮೆಗ್ನೀಸಿಯಂ ಬೇಕೇ ಬೇಕು. ಅಮೆರಿಕದವರ ಲೆಕ್ಕದಲ್ಲಿ ವಯಸ್ಕ ಬಸುರಿಗೆ ದಿನಕ್ಕೆ 350ರಿಂದ 360 ಮಿಲಿಗ್ರಾಂ. ನಮ್ಮ ರಾಗಿಯ 100 ಗ್ರಾಂ ಹಿಟ್ಟಿನಲ್ಲೇ ಸುಮಾರು 140 ಮಿಲಿಗ್ರಾಂ ಇದೆ. ಮುದ್ದೆಯ ಜೊತೆ ಹುರುಳಿ ಸಾರು, ಸೊಪ್ಪಿನ ಪಲ್ಯ, ಎಳ್ಳಿನ ಚಟ್ನಿ, ಒಂದು ಹಿಡಿ ಕಡಲೆಕಾಯಿ ಸೇರಿದರೆ ಬಹುಪಾಲು ಅಲ್ಲೇ ಸಿಕ್ಕಿತು. ಮಾತ್ರೆಯಿಂದ ಬಸುರಿಗೂ ಮಗುವಿಗೂ ಲಾಭವಿದೆಯೇ ಎಂದು ಒಂಬತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಹತ್ತು ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆಯ ತಜ್ಞರು 2014ರಲ್ಲಿ ಜಾಲಾಡಿದರು. ಗಟ್ಟಿ ಪುರಾವೆ ಸಿಗಲಿಲ್ಲ. ಮೀನಖಂಡದ ಸೆಳೆತಕ್ಕೆ ಬೇಕಾದರೆ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದೆ, ಆದರೆ ಅಲ್ಲೂ ಅಧ್ಯಯನಗಳ ಮಾತು ಒಂದೇ ತೆರನಾಗಿಲ್ಲ. ಆದ್ದರಿಂದ ಡಬ್ಬಿ ವಿಷವೂ ಅಲ್ಲ, ಅಮೃತವೂ ಅಲ್ಲ. ಹೆಚ್ಚಾದರೆ ಭೇದಿಯಾಗುತ್ತದೆ. ಕಬ್ಬಿಣದ ಮಾತ್ರೆಯ ಜೊತೆಗೇ ನುಂಗುವುದು ಬೇಡ. ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ಈಗ ಇನ್ನೊಂದು ಮೆಗ್ನೀಸಿಯಂ. ಅದಕ್ಕೆ ಜಾಹೀರಾತಿಲ್ಲ. ಹಿಂದಿನವರು ಹೊಟ್ಟೆ ತೊಳೆಯಲು ಕುಡಿಯುತ್ತಿದ್ದ ಭೇದಿ ಉಪ್ಪು, ರೈತರು ಗೊಬ್ಬರದ ಅಂಗಡಿಯಿಂದ ತಂದು ಕೆಂಪಾದ ಹತ್ತಿಯ ಎಲೆಗೆ ಸಿಂಪಡಿಸುವ ಮೆಗ್ನೀಸಿಯಂ ಸಲ್ಫೇಟ್, ಎರಡೂ ಒಂದೇ ವಸ್ತು. ಅದನ್ನೇ ಶುದ್ಧಗೊಳಿಸಿ ಆಂಪೂಲಿನಲ್ಲಿ ತುಂಬಿದರೆ ಅದು ಗರ್ಭನಂಜಿನ ಮದ್ದು.

ಬಸುರಾಗಿ 20 ವಾರ ಕಳೆದ ಮೇಲೆ ಬಿ.ಪಿ. 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿದರೆ ಅದು ಗರ್ಭನಂಜು. ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ, ಹೊಟ್ಟೆಯ ಮೇಲ್ಭಾಗ ನೋಯುತ್ತದೆ, ಮುಖ ಊದಿಕೊಳ್ಳುತ್ತದೆ. ಕೆಲವರಿಗೆ ಇದ್ಯಾವುದೂ ಆಗುವುದೇ ಇಲ್ಲ. ವಿಕೋಪಕ್ಕೆ ಹೋದರೆ ಫಿಟ್ಸ್ ಬರುತ್ತದೆ. ನಮ್ಮ ಅಜ್ಜಿಯ ಕಾಲದಲ್ಲಿ ಹೀಗಾದರೆ ಗಾಳಿ ಸೋಕಿತು ಎನ್ನುತ್ತಿದ್ದರು, ಬಸುರಿಯ ಮುಷ್ಟಿಗೆ ಬೀಗದ ಕೈ ಗೊಂಚಲು ತುರುಕುತ್ತಿದ್ದರು.

ಆಸ್ಪತ್ರೆಗಳಲ್ಲೂ ಬಹುಕಾಲ ಒಮ್ಮತವಿರಲಿಲ್ಲ. ಮದರಾಸಿನ ಡಾ. ಕೃಷ್ಣ ಮೆನನ್ 1961ರಲ್ಲಿ ಪ್ರಕಟಿಸಿದ, ಮೂರು ಔಷಧಿ ಬೆರೆಸಿ ಮಂಪರು ತರಿಸುವ ವಿಧಾನ ಭಾರತದಲ್ಲಿ ಮನೆಮಾತಾಗಿತ್ತು. ಅಮೆರಿಕದ ಡಲ್ಲಾಸ್‌ನಲ್ಲಿ ಪ್ರಿಚರ್ಡ್ ಮೆಗ್ನೀಸಿಯಂ ಹಿಡಿದು ಕೂತಿದ್ದರು. ಅವರು 1984ರಲ್ಲಿ ವರದಿ ಮಾಡಿದ 245 ಪ್ರಕರಣಗಳಲ್ಲಿ ತೀರಿಕೊಂಡ ತಾಯಿ ಒಬ್ಬಳು. ವ್ಯಾಜ್ಯ ಬಗೆಹರಿದದ್ದು 1995ರಲ್ಲಿ. ಭಾರತವೂ ಪಾಲುಗೊಂಡ ದೊಡ್ಡ ಅಧ್ಯಯನದಲ್ಲಿ, ಫಿಟ್ಸ್ ಮರುಕಳಿಸುವುದನ್ನು ತಡೆಯಲು ಈ ಉಪ್ಪು ಡಯಾಜೆಪಾಮ್, ಫೆನಿಟಾಯಿನ್ ಎರಡನ್ನೂ ಹಿಂದಿಕ್ಕಿತು. ಫಿಟ್ಸ್ ಬರುವ ಮೊದಲೇ ಕೊಟ್ಟರೆ ಹೇಗೆ? 33 ದೇಶಗಳ ಸುಮಾರು ಹತ್ತು ಸಾವಿರ ಹೆಂಗಸರ ಮೇಲೆ ನಡೆದ 'ಮ್ಯಾಗ್‌ಪೈ' ಅಧ್ಯಯನ 2002ರಲ್ಲಿ ಉತ್ತರ ಕೊಟ್ಟಿತು. ಫಿಟ್ಸಿನ ಅಪಾಯ ಅರ್ಧಕ್ಕಿಂತ ಹೆಚ್ಚು ಇಳಿಯಿತು.

ಹೆರಿಗೆ ವಾರ್ಡಿನಲ್ಲಿ ಆಯುಷ್ಯ ಸವೆಸಿ ನಿವೃತ್ತರಾದ ಸಿಸ್ಟರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಈ ಮಾತು ತೆಗೆದರೆ ಸಾಕು, ಅವರ ಕೈ ತಾನಾಗಿ ಗಾಳಿಯಲ್ಲಿ ಮಂಡಿ ತಟ್ಟುತ್ತದೆ. "ಒಂದೊಂದು ಕುಂಡೆಗೆ ಹತ್ತು ಎಂ.ಎಲ್. ನೋಡಿ, ಕಲ್ಲು ಚುಚ್ಚಿದ ಹಾಗೆ. ಮೈ ಕಾಯುತ್ತೆ ತಾಯಿ, ಹೆದರ್ಬೇಡಿ ಅಂತ ಮೊದಲೇ ಹೇಳ್ತಿದ್ದೆ" ಎನ್ನುತ್ತಾರೆ. ಆಮೇಲೆ ನಾಲ್ಕು ಗಂಟೆಗೊಮ್ಮೆ ಮುಂದಿನ ಸೂಜಿ. ಅದಕ್ಕೂ ಮುಂಚೆ ಮೂರು ಲೆಕ್ಕ ಸರಿಬರಬೇಕು. ಸುತ್ತಿಗೆಯಿಂದ ತಟ್ಟಿದರೆ ಮಂಡಿಯ ಕೆಳಗಿನ ಕಾಲು ಚಿಮ್ಮಬೇಕು, ನಿಮಿಷಕ್ಕೆ ಉಸಿರು 16ಕ್ಕೆ ಕಮ್ಮಿಯಾಗಬಾರದು, ಗಂಟೆಗೆ 30 ಎಂ.ಎಲ್.ನಷ್ಟಾದರೂ ಮೂತ್ರ ಬಂದಿರಬೇಕು. ಮೆಗ್ನೀಸಿಯಂ ಮೈಯಿಂದ ಹೊರಹೋಗುವುದು ಮೂತ್ರದಲ್ಲೇ. ಹೋಗದೆ ಉಳಿದರೆ ಮೊದಲು ಮಂಡಿ ಸುಮ್ಮನಾಗುತ್ತದೆ, ಆಮೇಲೆ ಉಸಿರು. ಅದಕ್ಕೇ ಟ್ರೇಯಲ್ಲಿ ಪ್ರತಿಮದ್ದಾಗಿ ಕ್ಯಾಲ್ಸಿಯಂ ಗ್ಲುಕೋನೇಟ್ ಸದಾ ಸಿದ್ಧವಿರುತ್ತದೆ. ಇಷ್ಟು ಕಾವಲಿನಲ್ಲಿ ಕೊಡುವ ವಸ್ತುವಿನ ಹೆಸರನ್ನೇ ನಾವು ಡಬ್ಬಿಯ ಮೇಲೆ ಓದಿ, ಚಾಕಲೇಟಿನಂತೆ ತರಿಸಿಕೊಳ್ಳುತ್ತೇವೆ.

ಈ ಮದ್ದಿಗೆ ದೊಡ್ಡಾಸ್ಪತ್ರೆಯೇ ಬೇಕೆಂದಿಲ್ಲ. ಮೊದಲ ಡೋಸನ್ನು, ಎಂದರೆ ಎರಡೂ ಕಡೆ ಐದೈದು ಗ್ರಾಂ, ಎ.ಎನ್.ಎಂ. ನರ್ಸಮ್ಮನೇ ಕೊಟ್ಟು ಮುಂದಕ್ಕೆ ಕಳಿಸಬಹುದೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. 108 ಬಂದು, ತಾಲ್ಲೂಕು ದಾಟಿ, ಜಿಲ್ಲಾಸ್ಪತ್ರೆ ಮುಟ್ಟುವವರೆಗಿನ ದಾರಿಯಲ್ಲಿ ತಾಯಿಯನ್ನು ಕಾಯುವುದು ಆ ಹತ್ತು ಗ್ರಾಂ. ಮಗು ಹುಟ್ಟಿತೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಹೆರಿಗೆಯ ನಂತರವೂ ಫಿಟ್ಸ್ ಬರಬಹುದು, ಆದ್ದರಿಂದಲೇ ಆಮೇಲೆ 24 ಗಂಟೆ ಸೂಜಿ ಮುಂದುವರಿಸುತ್ತಾರೆ. ತವರಿನ ಕತ್ತಲೆ ಕೋಣೆಯಲ್ಲಿ ತಲೆ ಬಿಗಿದು ಕಟ್ಟಿಕೊಂಡು ಮಲಗಿದ ಬಾಣಂತಿ "ತಲೆ ಸಿಡೀತಿದೆ" ಎಂದರೆ ಶೀತವೆಂದು ಸುಮ್ಮನಾಗಬೇಡಿ.

ಗುಣವಿದೆಯೋ ಇಲ್ಲವೋ ತಿಳಿಯದ ಮೆಗ್ನೀಸಿಯಂಗೆ ನಾವು ದುಡ್ಡು ಸುರಿಯುತ್ತಿದ್ದೇವೆ. ಜೀವ ಉಳಿಸುವುದು ಖಚಿತವಾದ ಮೆಗ್ನೀಸಿಯಂ ಬೇಕಾಗುತ್ತದೋ ಇಲ್ಲವೋ ಎಂದು ತಿಳಿಸುವ ಬಿ.ಪಿ. ಪಟ್ಟಿಯನ್ನು ಮಾತ್ರ 'ಅನ್ಸತ್ತೆ'ಗೆ ಬಿಟ್ಟಿದ್ದೇವೆ. ಇದು ಬಸುರಿಯೊಬ್ಬಳ ತಪ್ಪಲ್ಲ. ಅಳೆದವರು ಅಂಕಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ, ಜೊತೆಗೆ ಹೋದವರು ಕೇಳುವುದಿಲ್ಲ.

ಮನೆಯಲ್ಲಿ ಬಸುರಿ ಇದ್ದರೆ ಇವತ್ತೇ ಅವಳ ತಾಯಿ ಕಾರ್ಡ್ ತೆಗೆಸಿ. ಬಿ.ಪಿ.ಯ ಕಾಲಂ, ಮೂತ್ರ ಪರೀಕ್ಷೆಯ ಕಾಲಂ ಖಾಲಿ ಇದ್ದರೆ ನಾಳೆಯೇ ಕರೆದುಕೊಂಡು ಹೋಗಿ ತುಂಬಿಸಿ. ಗ್ರಾಮ ಪಂಚಾಯ್ತಿ ಸದಸ್ಯರೇ, ನೀವು ನಿಮ್ಮೂರಿನ ಆರೋಗ್ಯ ಕೇಂದ್ರದ ಬಾಗಿಲು ತಟ್ಟಿ ಒಂದೇ ಪ್ರಶ್ನೆ ಕೇಳಿ: ಹೆರಿಗೆ ಕೋಣೆಯ ಟ್ರೇಯಲ್ಲಿ ಅವಧಿ ಮೀರದ ಮೆಗ್ನೀಸಿಯಂ ಸಲ್ಫೇಟ್ ಆಂಪೂಲು ಹತ್ತು ಇವೆಯೇ? ಒಂದು ಆಂಪೂಲಿಗೆ ಒಂದು ಗ್ರಾಂ. ಒಬ್ಬ ತಾಯಿಗೆ ಹತ್ತು ಬೇಕು.