‘ಅವರ ಕರ್ಮ’ ಎನ್ನುವ ಮುನ್ನ

ಕನ್ನಡಿಗರ ದಿನನಿತ್ಯದ ಮಾತಿನಲ್ಲಿ ‘ಕರ್ಮ’ದಷ್ಟು ಸವೆದುಹೋದ ದಾರ್ಶನಿಕ ಪದ ಮತ್ತೊಂದಿರಲಾರದು. ಬಸ್ಸು ತಪ್ಪಿದರೆ ‘ಅಯ್ಯೋ ಕರ್ಮವೇ’. ಮಗ ಮಾತು ಕೇಳದಿದ್ದರೆ ‘ನನ್ನ ಕರ್ಮ’. ಲಂಚದ ಹಗರಣ ಬಯಲಾದರೆ ಪತ್ರಿಕೆಗಳ ಪಾಲಿಗೆ ಅದು ‘ಕರ್ಮಕಾಂಡ’. ಇಂಥ ಬಳಕೆಗಳಿಂದ ಯಾರಿಗೂ ನೋವಾಗದು. ಆದರೆ ಅಂಗವೈಕಲ್ಯವಿರುವ ಮಗುವನ್ನು ಎತ್ತಿಕೊಂಡು ನಿಂತ ತಾಯಿಯ ಮುಂದೆ ‘ಯಾವ ಜನ್ಮದ ಪಾಪವೋ’ ಎಂದು ನಿಟ್ಟುಸಿರಿಡುವವರ ಬಾಯಲ್ಲಿ ಅದೇ ವಿಚಾರ ತೀರ್ಪಾಗಿ ಮಾರ್ಪಡುತ್ತದೆ. ಆಡಿದವರು ಸಾಂತ್ವನವೆಂದು ಭಾವಿಸಿರಬಹುದು. ಕೇಳಿದವಳ ಎದೆಯಲ್ಲಿ ಅದು ಆರೋಪವಾಗಿಯೇ ಉಳಿಯುತ್ತದೆ. ಕರ್ಮಸಿದ್ಧಾಂತವನ್ನು ಅತ್ಯಂತ ಸೂಕ್ಷ್ಮವಾಗಿ ವಿವೇಚಿಸಿದ ಜೈನದರ್ಶನವು ಇಂಥ ತೀರ್ಪಿಗೆ ಒಪ್ಪಿಗೆ ನೀಡುತ್ತದೆಯೇ ಎಂಬುದು ವಿಚಾರಾರ್ಹ.

ಜೈನದರ್ಶನದಲ್ಲಿ ಕರ್ಮಫಲವನ್ನು ಅಳೆದು ಕೊಡುವ ಈಶ್ವರನಿಲ್ಲ. ಕರ್ಮವು ಪುದ್ಗಲ, ಅಂದರೆ ಸೂಕ್ಷ್ಮವಾದ ಜಡದ್ರವ್ಯ. ಮನೋವಾಕ್ಕಾಯಗಳ ಚಲನೆಯಿಂದ ಅದು ಆತ್ಮದತ್ತ ಹರಿದುಬರುತ್ತದೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳ ಅಂಟಿನಿಂದ ಬಂಧವಾಗುತ್ತದೆ. ಹೀಗೆ ಬಂಧವಾದದ್ದೆಲ್ಲ ಶಿಲಾಲೇಖದಂತೆ ಅಳಿಸಲಾಗದ್ದೂ ಅಲ್ಲ. ಕರ್ಮದ ಸ್ಥಿತಿ ಹಿಗ್ಗಬಹುದು, ಕುಗ್ಗಬಹುದು. ಒಂದು ಪ್ರಕೃತಿ ತನ್ನ ಸಜಾತೀಯವಾದ ಮತ್ತೊಂದಾಗಿ ಸಂಕ್ರಮಿಸಬಹುದು. ಕಾಲಕ್ಕೆ ಮುನ್ನವೇ ಉದಯಕ್ಕೆ ತಂದು ನಿರ್ಜರೆ ಮಾಡಿಕೊಳ್ಳಬಹುದು. ಫಲ ಕೊಟ್ಟೇ ತೀರುವ ನಿಕಾಚಿತ ಕರ್ಮವೂ ಉಂಟೆಂದು ಶಾಸ್ತ್ರ ಒಪ್ಪುತ್ತದೆ. ಆದರೆ ಯಾರ ಯಾವ ಕಷ್ಟ ಯಾವ ಕರ್ಮದ ಫಲವೆಂದು ಪೂರ್ಣವಾಗಿ ಬಲ್ಲವನು ಕೇವಲಜ್ಞಾನಿ ಮಾತ್ರ. ಅವನಿಗಷ್ಟೇ ಗೋಚರವಾದುದನ್ನು ಜಗಲಿಯ ಮೇಲೆ ಕುಳಿತು ಘೋಷಿಸುವುದು ಸತ್ಯವ್ರತಕ್ಕೂ ಒಗ್ಗದ ನಡೆ.

‘ಎಲ್ಲವೂ ಮೊದಲೇ ನಿಶ್ಚಿತ’ ಎಂಬ ವಾದ ಮಹಾವೀರನ ಕಾಲದಲ್ಲಿಯೇ ಪ್ರಬಲವಾಗಿತ್ತು. ಮಂಖಲಿ ಗೋಸಾಲನ ಆಜೀವಿಕ ಪಂಥದ ತಿರುಳೇ ನಿಯತಿವಾದ. ಶ್ವೇತಾಂಬರ ಆಗಮಗಳಲ್ಲಿ ಏಳನೆಯ ಅಂಗವಾದ ‘ಉವಾಸಗದಸಾಓ’ದಲ್ಲಿ ಪೋಲಾಸಪುರದ ಸದ್ದಾಲಪುತ್ತನೆಂಬ ಕುಂಬಾರನ ಪ್ರಸಂಗವಿದೆ. ಅವನು ಆಜೀವಿಕರ ಅನುಯಾಯಿ. ಬಿಸಿಲಿಗೆ ಹರಡಿದ್ದ ಮಡಕೆಗಳನ್ನು ನೋಡಿ ಮಹಾವೀರ, ಇವು ಪ್ರಯತ್ನದಿಂದ ಆದವೋ ಪ್ರಯತ್ನವಿಲ್ಲದೆ ಆದವೋ ಎಂದು ಕೇಳುತ್ತಾನೆ. ಪ್ರಯತ್ನವೆಂಬುದೇ ಇಲ್ಲ, ಎಲ್ಲವೂ ನಿಯತ ಎಂದು ಕುಂಬಾರ ತನ್ನ ಮತಕ್ಕೆ ತಕ್ಕ ಉತ್ತರ ಕೊಡುತ್ತಾನೆ. ಹಾಗಾದರೆ ಯಾರಾದರೂ ಈ ಮಡಕೆಗಳನ್ನು ಕದ್ದರೆ, ಒಡೆದುಹಾಕಿದರೆ, ನಿನ್ನ ಹೆಂಡತಿಯ ಮೇಲೆ ಕೈಮಾಡಿದರೆ ಏನು ಮಾಡುವೆ ಎಂಬುದು ಮರುಪ್ರಶ್ನೆ. ಬಡಿಯುತ್ತೇನೆ, ಕೊಂದೇಬಿಡುತ್ತೇನೆ ಎನ್ನುತ್ತಾನೆ ಅವನು. ಪ್ರಯತ್ನವೇ ಇಲ್ಲವೆಂದಾದರೆ ಕದ್ದವನೂ ಇಲ್ಲ, ಒಡೆದವನೂ ಇಲ್ಲ, ದಂಡನೆ ಯಾರಿಗೆ? ಕುಂಬಾರನ ಕಣ್ಣು ತೆರೆಯುತ್ತದೆ. ಪರರ ಸಂಕಟಕ್ಕೆ ವಿಧಿಯನ್ನೂ ತನ್ನ ನಷ್ಟಕ್ಕೆ ಅಪರಾಧಿಯನ್ನೂ ಹುಡುಕುವ ಮನಸ್ಸು ಇಂದಿಗೂ ಮರೆಯಾಗಿಲ್ಲ.

ಕನ್ನಡ ಸಾಹಿತ್ಯದಲ್ಲಿ ಈ ವಿಚಾರದ ಅತ್ಯಂತ ತೀವ್ರವಾದ ಶೋಧನೆ ಜನ್ನನ ‘ಯಶೋಧರ ಚರಿತೆ’ (1209). ಪತ್ನಿ ಅಮೃತಮತಿ ಮಾವುತನಿಗೆ ಒಲಿದುದನ್ನು ಕಂಡ ಯಶೋಧರ ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ತಾಯಿ ಚಂದ್ರಮತಿಯ ಬಳಿ ಕಂಡದ್ದನ್ನು ಮರೆಮಾಚಿ, ಕೆಟ್ಟ ಕನಸೆಂದು ಹೇಳುತ್ತಾನೆ. ಶಾಂತಿಗಾಗಿ ಬಲಿ ಕೊಡೆಂದು ತಾಯಿ ಒತ್ತಾಯಿಸುತ್ತಾಳೆ, ಮಗ ಒಪ್ಪುವುದಿಲ್ಲ, ಕಡೆಗೆ ಹಿಟ್ಟಿನ ಕೋಳಿಯ ಬಲಿಗೆ ಒಡಂಬಡುತ್ತಾನೆ. ಕತ್ತಿಯ ಏಟಿಗೆ ಆ ಹಿಟ್ಟಿನ ಕೋಳಿ ಕೂಗುತ್ತದೆ. ಬಳಿಕ ಅಮೃತಮತಿಯ ವಿಷಕ್ಕೆ ತಾಯಿಮಕ್ಕಳಿಬ್ಬರೂ ಬಲಿಯಾಗಿ, ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲಿ, ಕೋಳಿಗಳಾಗಿ ಸತ್ತು, ಕೊನೆಗೆ ಅಭಯರುಚಿ ಮತ್ತು ಅಭಯಮತಿ ಎಂಬ ಅವಳಿಗಳಾಗಿ ಹುಟ್ಟುತ್ತಾರೆ.

ಇಂದಿನ ಓದುಗನಿಗೆ ಇದು ಅನ್ಯಾಯವೆನಿಸುವುದು ಸಹಜ. ಹಿಟ್ಟಿನ ಗೊಂಬೆಗೆ ಇಷ್ಟು ದೊಡ್ಡ ಶಿಕ್ಷೆಯೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಶಿಕ್ಷೆಯೆಂಬ ಮಾತಿಗೆ ನ್ಯಾಯಾಧೀಶನೊಬ್ಬ ಬೇಕು. ಈ ಕಾವ್ಯದಲ್ಲಿ ಅಂಥವನಿಲ್ಲ. ಕೊಲ್ಲುವ ಸಂಕಲ್ಪ ಮನಸ್ಸಿನಲ್ಲಿ ಮೂಡಿದೊಡನೆ ಭಾವಹಿಂಸೆ ನಡೆದುಹೋಯಿತು. ಕತ್ತಿಯ ಕೆಳಗೆ ಇದ್ದುದು ಹಿಟ್ಟೋ ಜೀವವೋ ಎಂಬುದು ಅನಂತರದ ಪ್ರಶ್ನೆ. ಕೃತ, ಕಾರಿತ, ಅನುಮತ, ಅಂದರೆ ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ತಲೆದೂಗಿದ್ದು, ಮೂರೂ ಬಂಧಕ್ಕೆ ಕಾರಣವೆಂಬ ಜೈನ ವಿವೇಚನೆಯೇ ಇಲ್ಲಿ ಕಥೆಯಾಗಿದೆ. ಕತ್ತಿ ಬೀಸಿದ ಮಗನೊಡನೆ, ಬೀಸಲು ಹೇಳಿದ ತಾಯಿಯೂ ಭವಭವ ಅಲೆಯುತ್ತಾಳೆ. ವಿಷವಿಕ್ಕಿದ ಅಮೃತಮತಿಯೂ ತನ್ನ ಕರ್ಮದಿಂದ ಪಾರಾಗುವುದಿಲ್ಲ.

ಕಾವ್ಯದಲ್ಲಿ ಇದಕ್ಕಿಂತಲೂ ಗಮನಾರ್ಹವಾದುದು, ಈ ಕಥೆಯನ್ನು ಯಾರು ಯಾರಿಗೆ ಹೇಳುತ್ತಾರೆ ಎಂಬ ಸಂಗತಿ. ಚಂಡಮಾರಿಯ ಗುಡಿಯಲ್ಲಿ ಬಲಿಗೆಂದು ತಂದು ನಿಲ್ಲಿಸಿದ ಅಭಯರುಚಿ, ಕತ್ತಿ ಹಿಡಿದ ಮಾರಿದತ್ತ ರಾಜನಿಗೆ ಹೇಳುವುದು ತನ್ನದೇ ಭವಾವಳಿಯನ್ನು. ‘ನೀನು ಪಾಪಿ’ ಎಂದು ಅವನು ಬೆರಳು ತೋರುವುದಿಲ್ಲ. ‘ನಾನು ಹೀಗೆ ಕೆಟ್ಟೆ’ ಎಂದು ವಿವರಿಸುತ್ತಾನೆ. ಕೇಳುತ್ತ ಕೇಳುತ್ತ ಮಾರಿದತ್ತ ತನ್ನನ್ನು ತಾನೇ ಕಂಡುಕೊಂಡು ಹಿಂಸೆಯಿಂದ ವಿಮುಖನಾಗುತ್ತಾನೆ.

‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯ ಕಥೆಯೂ ಇದನ್ನೇ ಹೇಳುತ್ತದೆ. ಹಿಂದಿನ ಜನ್ಮದಲ್ಲಿ ಅತ್ತಿಗೆಯನ್ನು ಒದ್ದವನು ಈ ಜನ್ಮದಲ್ಲಿ ಮುನಿ; ಆ ಅತ್ತಿಗೆ ಈಗ ಹೆಣ್ಣುನರಿ. ಮರಿಗಳೊಡನೆ ಬಂದು ಅದು ಕಾಲನ್ನು ತಿನ್ನುತ್ತಿದ್ದರೂ ಮುನಿ ಅದನ್ನು ತನ್ನ ಕರ್ಮದ ಉದಯವೆಂದು ಸಮಭಾವದಿಂದ ಸಹಿಸುತ್ತಾನೆ. ಸಹಿಸಿದ್ದು ಅವನಿಗೆ ನಿರ್ಜರೆಯಾಯಿತು. ಆದರೆ ಅವನ ಕರ್ಮ ಫಲಿಸುತ್ತಿತ್ತೆಂಬ ಕಾರಣಕ್ಕೆ ಕಚ್ಚಿದ ನರಿ ನಿರ್ದೋಷಿಯಾಗಲಿಲ್ಲ. ಅದು ತನ್ನ ಕ್ರೌರ್ಯದ ಬಂಧವನ್ನು ತಾನೇ ಕಟ್ಟಿಕೊಂಡಿತು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ‘ಕರ್ಮ’ವು ಉತ್ತಮಪುರುಷದಲ್ಲಿ ಬಳಸಬೇಕಾದ ಪದ. ‘ನನ್ನ ಕರ್ಮ’ ಎಂದಾಗ ಅದು ತಾಳ್ಮೆಯನ್ನೂ ಎಚ್ಚರವನ್ನೂ ಕೊಡುತ್ತದೆ; ‘ಅವನ ಕರ್ಮ’ ಎಂದಾಗ ನಿರ್ದಯತೆಗೆ ನೆಪವಾಗುತ್ತದೆ.

ಶಾಸ್ತ್ರ ಇಲ್ಲಿಗೇ ನಿಲ್ಲುವುದಿಲ್ಲ. ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯವು ಯಾವ ನಡತೆಯಿಂದ ಯಾವ ಕರ್ಮ ಹರಿದುಬರುತ್ತದೆಂದು ವಿವರಿಸುತ್ತದೆ. ಪರರಲ್ಲಿ ದುಃಖ, ಶೋಕ, ಆಕ್ರಂದನಗಳನ್ನು ಹುಟ್ಟಿಸುವುದು ಅಸಾತಾವೇದನೀಯಕ್ಕೆ ಕಾರಣ. ಜೀವಿಗಳಲ್ಲಿ ಅನುಕಂಪೆ ಸಾತಾವೇದನೀಯಕ್ಕೆ ಕಾರಣ. ಪರನಿಂದೆ, ಆತ್ಮಪ್ರಶಂಸೆಗಳು ನೀಚಗೋತ್ರಕ್ಕೆ ಕಾರಣ. ಅಂದಮೇಲೆ ನೊಂದವಳನ್ನು ‘ನಿನ್ನ ಪಾಪ’ವೆಂದು ಮತ್ತೆ ನೋಯಿಸುವವರು ಅಂಥದೇ ನೋವಿನ ಬೀಜವನ್ನು ತಮಗಾಗಿ ಬಿತ್ತಿಕೊಳ್ಳುತ್ತಾರೆ. ಹುಟ್ಟಿನಿಂದ ಒಬ್ಬನನ್ನು ಕೀಳೆಂದು ಹಳಿದು ತನ್ನ ಕುಲವನ್ನು ಹೊಗಳಿಕೊಳ್ಳುವವನು ಕಟ್ಟಿಕೊಳ್ಳುವುದು ನೀಚಗೋತ್ರವನ್ನೇ. ಜೈನ ಸಮಾಜವೂ ಈ ಸೂತ್ರಗಳ ಮುಂದೆ ತನ್ನನ್ನು ನಿಲ್ಲಿಸಿಕೊಂಡು ನೋಡಬೇಕಾಗಿದೆ. ಪರ್ಯೂಷಣದಲ್ಲಿ ಅವುಗಳನ್ನು ಪಾರಾಯಣ ಮಾಡಿ, ಬೀದಿಗೆ ಬಂದೊಡನೆ ಮರೆತರೆ ಫಲವೇನು?

ರಕ್ಷಣೆಯ ಸಾಧನಗಳಿಲ್ಲದೆ ಕಾರ್ಮಿಕರನ್ನು ಒಳಚರಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ಅಂಥ ಗುಂಡಿಗಳಲ್ಲಿ ಉಸಿರುಗಟ್ಟಿ ಸಾಯುವುದು ನಿಂತಿಲ್ಲ. ಸತ್ತಾಗಲೆಲ್ಲ ‘ಅವರ ಹಣೆಬರಹ’ ಎನ್ನುವ ಮಾತೂ ನಿಂತಿಲ್ಲ. ಕೃತ, ಕಾರಿತ, ಅನುಮತಗಳ ಲೆಕ್ಕವನ್ನು ಇಲ್ಲಿಗೆ ಅನ್ವಯಿಸಿದರೆ ಸತ್ತವನ ಪೂರ್ವಜನ್ಮವನ್ನು ಕೆದಕುವ ಅಗತ್ಯ ಬೀಳದು. ಇಳಿಸಿದವರಾರು, ಇಳಿಸಲು ಹೇಳಿದವರಾರು, ನೋಡಿಯೂ ಸುಮ್ಮನಿದ್ದವರಾರು ಎಂಬ ಮೂರು ಪ್ರಶ್ನೆಗಳು ಸಾಕು. ಮೂರನೆಯದರ ಉತ್ತರದಲ್ಲಿ ಇಡೀ ಊರೇ ಸೇರಿಕೊಂಡೀತು.

ಕರ್ಮಸಿದ್ಧಾಂತವನ್ನು ನಂಬುವವರಿಗೆ ಪರರ ದುಃಖ ಕಂಡಾಗ ಉಳಿಯುವ ಪ್ರಶ್ನೆ ಒಂದೇ. ಅವರು ಹಿಂದೆ ಏನು ಮಾಡಿದ್ದರೋ ಅದು ಯಾರಿಗೂ ಕಾಣದು. ತಾವು ಈಗ ಏನು ಮಾಡುತ್ತೇವೆ ಎಂಬುದು ಪ್ರತಿಯೊಬ್ಬರಿಗೂ ಕಾಣುತ್ತದೆ. ಬಂಧವಾಗುವುದೂ ನಿರ್ಜರೆಯಾಗುವುದೂ ಆ ಗಳಿಗೆಯಲ್ಲಿಯೇ.